ಪಿಗ್ಮಿಯವರು

ಹೇಮಾವತಿಯ ದಡದಲ್ಲಿರುವ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಸಂಜೆ ಐದು ಗಂಟೆಯಾಯಿತೆಂದರೆ ಸೈಕಲ್ಲಿನ ಗಂಟೆಯೊಂದು ತಪ್ಪದೆ ಕೇಳಿಸುತ್ತಿದ್ದ ಕಾಲವಿತ್ತು. ಆ ಸದ್ದಿಗೆ ಕಿರಾಣಿ ಅಂಗಡಿಯವನು ಗಲ್ಲಾಪೆಟ್ಟಿಗೆಯನ್ನು ತೆರೆಯುತ್ತಿದ್ದ. ದರ್ಜಿಯು ಹೊಲಿಗೆಯಂತ್ರವನ್ನು ನಿಲ್ಲಿಸುತ್ತಿದ್ದ. ಬೀದಿಯ ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ವೀಳ್ಯದೆಲೆ ಮಾರುತ್ತಿದ್ದ ಹೆಂಗಸು ಸೆರಗಿನ ಗಂಟನ್ನು ಬಿಚ್ಚುತ್ತಿದ್ದಳು. ಬಂದವರು ಬ್ಯಾಂಕಿನ ಪರವಾಗಿ ದಿನದ ಉಳಿತಾಯವನ್ನು ಸಂಗ್ರಹಿಸುವವರು. ಅವರಿಗೊಂದು ಹೆಸರು ಇದ್ದೇ ಇತ್ತು. ಆದರೆ ಅದನ್ನು ಬಲ್ಲವರು ವಿರಳ. ಊರಿಗೆಲ್ಲ ಅವರು ‘ಪಿಗ್ಮಿಯವರು’.

ಪಿಗ್ಮಿ ಎಂದರೆ ಬಹಳ ಕುಳ್ಳಾದುದು, ಪುಟ್ಟದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಈ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಾಗಿತ್ತು. ಬಡವನು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜಿದರೆ ಬ್ಯಾಂಕೇ ಅವನ ಬಾಗಿಲಿಗೆ ಹೋಗಲಿ ಎಂಬುದು ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರು ನಡೆಸಿ ತೋರಿಸಿದ ದಾರಿ. 1969ರ ಜುಲೈ 19ರಂದು ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಅದೂ ಒಂದು. ಆ ವೇಳೆಗಾಗಲೇ ಪಿಗ್ಮಿಯೆಂಬ ಮಾತು ಕನ್ನಡದ ಮಾತೇ ಆಗಿಹೋಗಿತ್ತು.

ಎಲೆ ಮಾರುವಾಕೆಗೆ ಅಕ್ಷರ ಬಾರದು. ಪಿಗ್ಮಿಯವರು ಚೀಟಿಯಲ್ಲಿ ಮೊತ್ತವನ್ನು ಬರೆದು ರುಜು ಹಾಕಿ ಕೊಡುತ್ತಿದ್ದರು. ಅದರಲ್ಲೇನಿದೆಯೋ ಅವಳು ಅರಿಯಳು. ಆದುದರಿಂದ ಅವಳು ತನ್ನದೇ ಲೆಕ್ಕವೊಂದನ್ನು ಇಟ್ಟಿದ್ದಳು. ದಿನಕ್ಕೆ ಎರಡು ರೂಪಾಯಿ ಕೊಟ್ಟು, ರಾತ್ರಿ ಮನೆಗೆ ಹೋದೊಡನೆ ಡಬ್ಬಿಯೊಂದಕ್ಕೆ ಒಂದು ಹುಣಿಸೆ ಬೀಜವನ್ನು ಹಾಕುವಳು. ಹಣ ಕೊಡದ ದಿನ ಬೀಜವೂ ಇಲ್ಲ. ಮಗನನ್ನು ಹಾಸನದ ಕಾಲೇಜಿಗೆ ಸೇರಿಸಬೇಕಾದ ವರ್ಷ ಅವಳು ಡಬ್ಬಿಯನ್ನು ತಂದು ಪಿಗ್ಮಿಯವರ ಮುಂದೆಯೇ ಸುರಿದಳು. ಎಣಿಸಿದರೆ ಪುಸ್ತಕಕ್ಕಿಂತ ಮೂರು ಬೀಜ ಹೆಚ್ಚು.

“ತಾಯಿ, ಬ್ಯಾಂಕಿನ ಪುಸ್ತಕ ತಪ್ಪುವುದಿಲ್ಲ” ಎಂದರು ಅವರು.

“ಬೀಜ ಸುಳ್ಳು ಹೇಳೀತಾ ಸ್ವಾಮಿ?” ಎಂದಳು ಆಕೆ.

ಆರು ರೂಪಾಯಿ ದೊಡ್ಡ ಮೊತ್ತವಲ್ಲ; ಜೇಬಿನಿಂದ ತೆಗೆದುಕೊಟ್ಟು ಮಾತು ಮುಗಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ನಾಲ್ಕು ಸಂಜೆ ಬ್ಯಾಂಕಿನಲ್ಲಿ ಕುಳಿತು ಹಳೆಯ ಪುಟಗಳನ್ನೆಲ್ಲ ತಿರುವಿದರು. ಮೂರು ದಿನದ ಹಣ ಪಕ್ಕದ ಸಂಖ್ಯೆಯ ಖಾತೆಗೆ ಜಮೆಯಾಗಿದ್ದುದು ಕೊನೆಗೆ ಸಿಕ್ಕಿತು. ಮರುದಿನ ಪೇಟೆಯಲ್ಲಿ ಎಲ್ಲರೆದುರಿಗೆ ತಮ್ಮ ತಪ್ಪನ್ನು ಒಪ್ಪಿಕೊಂಡರು. ಅಂದಿನಿಂದ ಅವರ ಚೀಲಕ್ಕೆ ಹಣ ಕೊಡುವವರ ಸಂಖ್ಯೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆದರೆ ಎಲ್ಲ ಸಂಗ್ರಾಹಕರೂ ಹೀಗಿರಲಿಲ್ಲ, ಎಲ್ಲ ಠೇವಣಿದಾರರೂ ಬೀಜ ಎಣಿಸಿಡುತ್ತಿರಲಿಲ್ಲ. ಚೀಟಿಯಲ್ಲಿ ರುಜುವಿದ್ದು ಬ್ಯಾಂಕಿನ ಪುಸ್ತಕದಲ್ಲಿ ಹಣವಿಲ್ಲದೆ ಕಣ್ಣೀರು ಹಾಕಿದವರು ಅನೇಕರು. ಮುಂದೆ ಸಂಗ್ರಾಹಕರ ಕೈಗೆ ಅಂಗೈಯಗಲದ ಯಂತ್ರ ಬಂದಿತು. ಹಣ ಕೊಟ್ಟೊಡನೆ ಅದು ರಸೀದಿಯನ್ನು ಅಚ್ಚುಮಾಡಿ ಕೊಡುತ್ತಿತ್ತು. ಕೆಲವರು ಇದನ್ನು ಅಪನಂಬಿಕೆಯೆಂದು ಬಗೆದು ನೊಂದುಕೊಂಡರು. ಹೊಳೆನರಸೀಪುರದ ಪಿಗ್ಮಿಯವರಾದರೋ ಯಂತ್ರವನ್ನು ಎಲೆ ಮಾರುವಾಕೆಗೆ ತೋರಿಸಿ, “ಇದು ನಿನ್ನ ಹುಣಿಸೆ ಬೀಜ, ತಾಯಿ” ಎಂದು ನಕ್ಕರು.

ಊರಿನ ಹಣವನ್ನು ಕಾದ ಅವರ ಸ್ವಂತ ಬಾಳಿಗೆ ಮಾತ್ರ ಕಾವಲಿರಲಿಲ್ಲ. ತಂದ ಹಣಕ್ಕೆ ತಕ್ಕ ಕಮಿಷನ್ನೇ ಅವರ ಸಂಪಾದನೆ. ಜ್ವರ ಬಂದು ಮಲಗಿದ ದಿನ ಅದೂ ಇಲ್ಲ. ಇಂಥವರು ಬರಿಯ ಏಜೆಂಟರೋ ಬ್ಯಾಂಕಿನ ಕೆಲಸಗಾರರೋ ಎಂಬ ವ್ಯಾಜ್ಯವು ಬಹುಕಾಲ ನಡೆದು, 2001ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕೆಲಸಗಾರರೆಂದು ಒಪ್ಪಿತು. ದಿನವಿಡೀ ಬಿಸಿಲಲ್ಲಿ ಅಲೆಯುವವನು ಕೆಲಸಗಾರನೆಂದು ತಿಳಿಯಲು ಅಷ್ಟು ವರ್ಷ ಬೇಕಾಯಿತಲ್ಲ ಎನಿಸದಿರದು.

ಆಮೇಲಿನ ಬದಲಾವಣೆಗಳು ಬಹಳ ಬೇಗ ಬಂದವು. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ಅದಕ್ಕೆ ಮೊದಲೇ, 2016ರಲ್ಲಿ, ಮೊಬೈಲಿನಿಂದ ಮೊಬೈಲಿಗೆ ಹಣ ಕಳಿಸುವ ಯು.ಪಿ.ಐ. ಬಂದಿತು, ಅದೇ ವರ್ಷದ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಿಲ್ಲರೆಗೆ ಪರದಾಡಿದ ಪೇಟೆ ಮೆಲ್ಲಮೆಲ್ಲನೆ ಚೌಕುಳಿ ಚಿತ್ರದ ಹಾಳೆಗಳನ್ನು ಅಂಗಡಿಗಳ ಮುಂದೆ ತೂಗುಹಾಕಿತು. ಸುತ್ತಲ ಊರುಗಳಲ್ಲಿಯೂ ಹಣದ ದಾರಿ ಹೀಗೆಯೇ ಬದಲಾಗಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪು ಹರಾಜಾದರೆ ಹಣ ರೈತನ ಖಾತೆಗೆ ಹೋಗುತ್ತದೆ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ ಹಾಲು ಹಾಕುವವಳಿಗೆ ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ನಡುವೆ ಕೈಯೊಡ್ಡುವವರಿಲ್ಲ. ಇದು ಸಣ್ಣ ಲಾಭವಲ್ಲ.

ಲೆಕ್ಕವು ಸ್ವಚ್ಛವಾದಷ್ಟೂ ಅದು ಇತರರಿಗೂ ಕಾಣುತ್ತದೆ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಲೆಕ್ಕಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಸರಕು ಮಾರುವವರು ನೋಂದಾಯಿಸಿಕೊಳ್ಳಬೇಕೆಂಬುದು ನಿಯಮ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಹಲಗೆ ಕಾಣಿಸಿಕೊಂಡಿತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಅದೇ ತಿಂಗಳು ಭರವಸೆಯಿತ್ತರು. ಎಲೆ ಮಾರುತ್ತಿದ್ದಾಕೆಯ ಜಾಗದಲ್ಲಿ ಈಗ ಕೂರುವ ಮೊಮ್ಮಗನೂ ಹೆದರಿ ನಾಲ್ಕು ದಿನ ತನ್ನ ಹಾಳೆಯನ್ನು ಗೋಣಿಯಡಿ ಅಡಗಿಸಿದ್ದನು. ವೀಳ್ಯದೆಲೆಗೆ ಆ ತೆರಿಗೆಯೇ ಇಲ್ಲವೆಂದು ಅವನಿಗೆ ತಿಳಿಸಿದವರು ನಿವೃತ್ತರಾಗಿದ್ದ ಪಿಗ್ಮಿಯವರು.

ಅವರು ಈಗಲೂ ಸಂಜೆ ಪೇಟೆಗೆ ಬರುತ್ತಾರೆ, ಸೈಕಲ್ಲಿಲ್ಲ, ಊರುಗೋಲಿದೆ. ಹಣ ಎಲ್ಲಿಡಲಿ ಎಂದು ಕೇಳುವವರಿಗೆ ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆಯೆಂದೂ, ಪತ್ತಿನ ಸಹಕಾರ ಸಂಘದ ಪಿಗ್ಮಿಗೆ ಆ ರಕ್ಷಣೆ ಇಲ್ಲವೆಂದೂ ಬಿಡಿಸಿ ಹೇಳುತ್ತಾರೆ. ಮೊಮ್ಮಗನನ್ನು ಮಾತ್ರ ಬೇರೆಯೇ ಕೇಳುತ್ತಾರೆ: “ದಿನಾ ಹಣ ಬರುವುದೇನೋ ಸರಿ, ರಾತ್ರಿಗೆ ಎಷ್ಟು ಉಳಿಯುತ್ತದಪ್ಪಾ?” ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಬಂದ ದಾರಿಯಲ್ಲೇ ಹೋಗುವುದೂ ಆ ಹಣಕ್ಕೆ ಬಹು ಸುಲಭ.

ಅಜ್ಜಿ ಬದಿಯಲ್ಲಿ ಕುಳಿತಿರುತ್ತಾಳೆ. ಗಿರಾಕಿಯೊಬ್ಬ ಹಣ ಕಳಿಸಿದಂತೆ ಮೊಬೈಲು ತೋರಿಸಿ ಒಮ್ಮೆ ಮೋಸ ಮಾಡಿಹೋದ ಮೇಲೆ ಹುಡುಗನು ಮಾತನಾಡುವ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದಾನೆ. ಹಣ ಬಂದಿದೆಯೆಂದು ಅದು ಕೂಗಿದಾಗಲೆಲ್ಲ ಅಜ್ಜಿ ಹಳೆಯ ಡಬ್ಬಿಗೆ ಒಂದು ಬೀಜ ಹಾಕುತ್ತಾಳೆ. ಒಂದು ಸಂಜೆ ಎಣಿಸಿದಾಗ ಮೊಬೈಲಿಗಿಂತ ಎರಡು ಬೀಜ ಹೆಚ್ಚಾಗಿದ್ದವು. ಹುಡುಗ ಗಾಬರಿಯಾದ. ಪಿಗ್ಮಿಯವರು ಕನ್ನಡಕವೇರಿಸಿ ಒಂದೊಂದೇ ಸಾಲನ್ನು ನೋಡುತ್ತ ಬಂದರು. ಅಷ್ಟರಲ್ಲಿ ಪಕ್ಕದ ಹೂವಿನಂಗಡಿಯ ಪೆಟ್ಟಿಗೆಯು ಇಪ್ಪತ್ತು ರೂಪಾಯಿ ಬಂದಿದೆಯೆಂದು ಕೂಗಿತು; ಅಜ್ಜಿಯ ಕೈ ತಾನಾಗಿಯೇ ಬೀಜದ ಕಡೆಗೆ ಹೋಯಿತು.