ನೀರು ಕೆತ್ತಿದ ನಾಡು

ಮನೆಯ ಮುಂದಿನ ಗುಡ್ಡವನ್ನು ಯಾರೂ ನಿಂತು ನೋಡುವುದಿಲ್ಲ. ದಿನವೂ ಕಾಣುವ ವಸ್ತು ಕಣ್ಣಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ನಾಟುವುದಿಲ್ಲ. ಸಿರುಗುಪ್ಪದ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಸ್ಥಿತಿಯೂ ಹಾಗೆಯೇ ಇತ್ತು. ತುಂಗಭದ್ರೆ ಅವರ ಊರಿನ ಹೊಳೆ. ಬಂಡೆಗಲ್ಲಿನ ಗುಡ್ಡಗಳು ಅವರ ತಾಲ್ಲೂಕಿನ ನಿತ್ಯದ ನೋಟ. ಆದರೂ ಹಂಪೆಗೆ ಒಂದು ದಿನದ ಪ್ರವಾಸವೆಂದು ಮೇಷ್ಟರು ತಿಳಿಸಿದಾಗ, ಹೊಳೆಯನ್ನೂ ಗುಡ್ಡವನ್ನೂ ಎಂದೂ ಕಾಣದವರಂತೆ ಅವರು ಹಿಗ್ಗಿದರು.

ಮಾರ್ಗಶಿರದ ಚಳಿ. ಇನ್ನೂ ಕತ್ತಲಿರುವಾಗಲೇ ಬಸ್ಸು ಊರನ್ನು ಬಿಟ್ಟಿತು. ಬುತ್ತಿಯ ಗಂಟುಗಳಿಂದ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಪರಿಮಳ ಬಸ್ಸಿನ ತುಂಬ ಹರಡಿತ್ತು. ಕೊಯ್ಲು ಮುಗಿದ ಬತ್ತದ ಗದ್ದೆಗಳ ಮೇಲೆ ಮಂಜು ಕವಿದಿತ್ತು. ಅಲ್ಲಲ್ಲಿ ಹುಲ್ಲಿನ ಬಣವೆಗಳು, ಅವುಗಳ ಆಚೆ ಕಾಲುವೆಯ ಏರಿ, ಏರಿಯ ಮೇಲೆ ಸೈಕಲ್ಲು ಹಿಡಿದು ಹೊಲಕ್ಕೆ ಹೊರಟ ಒಬ್ಬ ರೈತ. ಹುಡುಗರು ಇದನ್ನೇನೂ ನೋಡಲಿಲ್ಲ. ಹಾಡುವುದರಲ್ಲಿಯೂ ಕಿಟಕಿಯ ಬದಿಯ ಜಾಗಕ್ಕಾಗಿ ಜಗಳವಾಡುವುದರಲ್ಲಿಯೂ ಅವರು ತೊಡಗಿದ್ದರು.

ತೆಕ್ಕಲಕೋಟೆಯ ಬಳಿ ಸೂರ್ಯೋದಯವಾಯಿತು. ಮೇಷ್ಟರು ಬಸ್ಸನ್ನು ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿದರು. ಎಳೆಬಿಸಿಲಿನಲ್ಲಿ ಗುಡ್ಡದ ಬಂಡೆಗಳು ಕೆಂಪಗೆ ಹೊಳೆಯುತ್ತಿದ್ದವು.

“ಈ ಗುಡ್ಡವನ್ನು ಎಷ್ಟು ಸಲ ಕಂಡಿದ್ದೀರಿ?” ಎಂದು ಅವರು ಕೇಳಿದರು.

“ಬಳ್ಳಾರಿಗೆ ಹೋಗುವಾಗಲೆಲ್ಲ ಕಾಣುತ್ತೇವೆ, ಸಾರ್.”

“ಇಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಜನ ವಾಸವಾಗಿದ್ದರು. 1960ರ ದಶಕದಲ್ಲಿ ಪುರಾತತ್ತ್ವಜ್ಞರು ಉತ್ಖನನ ಮಾಡಿದಾಗ ಅವರ ಮಡಕೆಗಳೂ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ದೊರೆತವು. ದೊಡ್ಡ ಬಂಡೆಗಳ ನಡುವಿನ ನೆಲವನ್ನು ಸಮಮಾಡಿ ಅವರು ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ನಮ್ಮ ತಾಲ್ಲೂಕಿನ ನಿಟ್ಟೂರಿನಲ್ಲಿ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಅವನ ಬಹುಪಾಲು ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳು ಮಾತ್ರ ಇರುತ್ತವೆ. ‘ಅಶೋಕ’ ಎಂಬ ಹೆಸರೇ ಇರುವ ಶಾಸನಗಳು ಕೆಲವೇ ಕೆಲವು. ರಾಯಚೂರು ಜಿಲ್ಲೆಯ ಮಸ್ಕಿಯದು ಅವುಗಳಲ್ಲಿ ಒಂದು. ನಮ್ಮ ನಿಟ್ಟೂರಿನದು ಇನ್ನೊಂದು.”

ಹಿಂದೆ ನಿಂತಿದ್ದ ಹುಡುಗನೊಬ್ಬ ಈ ಮಾತನ್ನು ಕಿವಿಗೊಟ್ಟು ಕೇಳಿದನು. ಬಂಡೆಯ ಮೇಲೆ ಕೊರೆದ ಹೆಸರು ಎರಡು ಸಾವಿರದ ಮುನ್ನೂರು ವರ್ಷಗಳ ಕಾಲ ಉಳಿಯುತ್ತದೆ ಎಂಬುದು ಅವನಿಗೆ ಬಹಳ ಹಿಡಿಸಿತು.

ಕುರುಗೋಡು, ಕಂಪ್ಲಿಗಳನ್ನು ದಾಟಿ ಕಮಲಾಪುರದತ್ತ ಸಾಗಿದಂತೆ ನೆಲದ ರೂಪವೇ ಬದಲಾಯಿತು. ಬಯಲು ಕಿರಿದಾಯಿತು; ಬಂಡೆಗಳು ಹಿರಿದಾದವು. ಒಂದರ ಮೇಲೊಂದು ಏರಿ ಕುಳಿತ ಬಂಡೆಗಳು, ಈಗಲೋ ಆಗಲೋ ಉರುಳುವಂತೆ ಕಂಡರೂ ಉರುಳದೆ ನಿಂತ ಬಂಡೆಗಳು, ಎರಡರ ಸಂದಿನಲ್ಲಿ ಸಿಕ್ಕಿಕೊಂಡ ಮೂರನೆಯ ಬಂಡೆ. ಬಸ್ಸಿನೊಳಗಿನ ಗದ್ದಲ ತಾನಾಗಿಯೇ ಅಡಗಿತು.

ಹಂಪೆಯಲ್ಲಿ ಮಾರ್ಗದರ್ಶಿಗಳು ಕಾದಿದ್ದರು. ಅಲ್ಲಿಯೇ ಹುಟ್ಟಿ ಬೆಳೆದ, ಐವತ್ತು ದಾಟಿದ ಮನುಷ್ಯ. ಅವರು ಮಕ್ಕಳನ್ನು ಮೊದಲು ಗುಡಿಗೆ ಕರೆದೊಯ್ಯದೆ ನೇರವಾಗಿ ಚಕ್ರತೀರ್ಥದ ದಡಕ್ಕೆ ಕರೆತಂದರು. ಅಲ್ಲಿ ತುಂಗಭದ್ರೆ ಬೆಟ್ಟಗಳ ನಡುವೆ ಇರುಕಿ, ಬಾಗಿ ಹರಿಯುತ್ತದೆ. “1336ರಲ್ಲಿ ಸ್ಥಾಪನೆಯಾದ ವಿಜಯನಗರದ ಕಥೆಯನ್ನು ನೀವು ಓದಿದ್ದೀರಿ. 1565ರಲ್ಲಿ ಅದು ಹಾಳಾದ ಕಥೆಯನ್ನೂ ಓದಿದ್ದೀರಿ. ಅದಕ್ಕೂ ಮೊದಲಿನ ಕಥೆಯನ್ನು ಇಲ್ಲಿ ನೋಡಿ” ಎಂದು ಅವರು ಎದುರಿನ ಬೆಟ್ಟವನ್ನು ತೋರಿಸಿದರು.

“ಸಾರ್, ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳು ಇವು ಎಂದು ನಮ್ಮ ಅಜ್ಜಿ ಹೇಳುತ್ತಾಳೆ. ನಿಜವೇ?” ಎಂದು ಒಬ್ಬ ಹುಡುಗಿ ಕೇಳಿದಳು. ಕೆಲವರು ನಕ್ಕರು. ಮಾರ್ಗದರ್ಶಿಗಳು ನಗಲಿಲ್ಲ.

“ಇದು ಕಿಷ್ಕಿಂಧೆಯೆಂದು ನಂಬಿದ ಜನ ಈ ಬಂಡೆಗಳನ್ನು ಕಂಡು ಬೆರಗಾಗಿ ಆ ಕಥೆಯನ್ನು ಹೇಳಿದರು, ತಾಯಿ. ನಿಮ್ಮ ಅಜ್ಜಿ ಈ ಕಲ್ಲುಗಳನ್ನು ನೋಡಿ ಬೆರಗುಗೊಂಡಿದ್ದಾಳೆ. ಅದು ದೊಡ್ಡ ಮಾತು. ಭೂವಿಜ್ಞಾನಿಗಳೂ ಬೆರಗುಗೊಂಡರು, ಆದರೆ ಅವರು ಹೇಳುವ ಕಥೆಯಲ್ಲಿ ಕಲ್ಲನ್ನು ಎಸೆದವರು ಯಾರೂ ಇಲ್ಲ. ಬಂಡೆಗಳು ಇದ್ದಲ್ಲಿಯೇ ಇವೆ. ಅವುಗಳ ಸುತ್ತ ಇದ್ದದ್ದು ಹೋಗಿದೆ.”

ಅವರು ಬಿಡಿಸಿ ಹೇಳಿದರು. ಈ ಕಲ್ಲು ಗ್ರಾನೈಟ್, ಅಂದರೆ ಕಣಶಿಲೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇದು ಭೂಮಿಯ ಆಳದಲ್ಲಿ ಕರಗಿದ ಶಿಲಾರಸವಾಗಿದ್ದು, ಅಲ್ಲಿಯೇ ತಣಿದು ಗಟ್ಟಿಯಾಯಿತು. ಯುಗಯುಗಗಳ ಮಳೆಗಾಳಿಗೆ ಮೇಲಿನ ಪದರಗಳು ಸವೆದುಹೋದಂತೆ ಅದರ ಮೇಲಿನ ಭಾರ ಇಳಿಯಿತು. ಭಾರ ಇಳಿದ ಕಲ್ಲು ಹಿಗ್ಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಮಳೆಯ ನೀರು ಆ ಬಿರುಕುಗಳೊಳಗೆ ಇಳಿದು ತನ್ನ ಕೆಲಸವನ್ನು ಪ್ರಾರಂಭಿಸಿತು.

“ಬೆಲ್ಲದ ಅಚ್ಚನ್ನು ತೇವದಲ್ಲಿಟ್ಟರೆ ಮೊದಲು ಎಲ್ಲಿ ಸವೆಯುತ್ತದೆ?” ಎಂದು ಅವರು ಕೇಳಿದರು.

“ಮೂಲೆಯಲ್ಲಿ!”

“ಏಕೆ? ಮೈಗೆ ಒಂದೇ ಕಡೆಯಿಂದ ನೀರು ತಾಕುತ್ತದೆ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರು ಕಡೆಯಿಂದ. ಹೀಗೆ ಮೂಲೆಗಳು ಸವೆದು ಚೌಕದ ಕಲ್ಲು ದುಂಡಗಾಯಿತು. ಸುತ್ತಲಿನ ಶಿಥಿಲವಾದ ಕಲ್ಲು ಮಣ್ಣೂ ಮರಳೂ ಆಗಿ ಕೊಚ್ಚಿಹೋಯಿತು. ಗಟ್ಟಿಯಾದ ತಿರುಳು ಮಾತ್ರ ಒಂದರ ಮೇಲೊಂದು ನಿಂತುಕೊಂಡಿತು. ನಿಮ್ಮ ಕಾಲಡಿಯ ಮರಳು ಒಂದಾನೊಂದು ಕಾಲದಲ್ಲಿ ಇಂಥ ಬೆಟ್ಟವೇ ಆಗಿತ್ತು.”

ಕೆಲವು ಮಕ್ಕಳು ಬಗ್ಗಿ ಮರಳನ್ನು ಹಿಡಿಯಲ್ಲಿ ಎತ್ತಿಕೊಂಡು ನೋಡಿದರು.

ಮೇಷ್ಟರು ಒಂದು ಮಾತನ್ನು ಸೇರಿಸಿದರು. ಕಲ್ಲು ಬೇರೆಯಾದರೆ ನೀರಿನ ಕೆಲಸದ ರೀತಿಯೂ ಬೇರೆಯಾಗುತ್ತದೆ. ಗಾಳಿಯ ಮತ್ತು ಮಣ್ಣಿನ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಸ್ವಲ್ಪ ಆಮ್ಲೀಯವಾಗುತ್ತದೆ. ಅದು ಸುಣ್ಣಕಲ್ಲನ್ನು, ನೀರಿಗೆ ಹಾಕಿದ ಕಲ್ಲುಸಕ್ಕರೆಯಂತೆ, ಮೆಲ್ಲಮೆಲ್ಲಗೆ ಕರಗಿಸಿಬಿಡುತ್ತದೆ. ಹೀಗೆ ಕರಗಿ ಉಳಿದ ಭೂರೂಪಕ್ಕೆ ಕಾರ್ಸ್ಟ್ ಎಂದು ಹೆಸರು. ಉತ್ತರ ಕನ್ನಡದ ಯಾಣದಲ್ಲಿ ಆಕಾಶಕ್ಕೆ ಚುಚ್ಚಿ ನಿಂತ ಕಪ್ಪು ಶಿಖರಗಳು ಅಂಥವು. ಬಳ್ಳಾರಿಯ ನೆರೆಯ ಆಂಧ್ರಪ್ರದೇಶದ ಬೇಲಂ ಗುಹೆಗಳಲ್ಲಿ ನೀರು ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಮಿಕ್ಕ ದಾರಿಗಳನ್ನು ಕೊರೆದಿದೆ. ಚೀನಾ ದೇಶದ ಗುಯಿಲಿನ್ ಎಂಬಲ್ಲಿ ಲಿ ನದಿಯ ಎರಡೂ ದಡಗಳಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ಕೋಡುಕೋಡಾಗಿ ಎದ್ದಿವೆ. ಪ್ರವಾಸಿಗರು ಅವುಗಳ ನಡುವೆ ತೆಪ್ಪಗಳಲ್ಲಿ ಸಂಚರಿಸುತ್ತಾರೆ. “ಅಲ್ಲಿ ನೀರು ಕರಗಿಸಿ ಕೆತ್ತಿತು, ಇಲ್ಲಿ ಬಿಡಿಸಿ ಕೆತ್ತಿತು. ಶಿಲ್ಪಿ ಮಾತ್ರ ಒಬ್ಬನೇ” ಎಂದರು ಮೇಷ್ಟರು.

ಇಲ್ಲಿ ತೆಪ್ಪವಿಲ್ಲ, ಹರಿಗೋಲಿದೆ. ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿಯಂತಿರುವ ದೋಣಿ ಅದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರಲ್ಲದೆ ಕುದುರೆ, ಎತ್ತುಗಳೂ ಅವುಗಳಲ್ಲಿ ಹೊಳೆ ದಾಟುತ್ತಿದ್ದುವಂತೆ. ಆಗ ಹೊರಮೈಗೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಸುತ್ತುತ್ತ ಸಾಗುವ ಅದರ ಸ್ವಭಾವ ಮಾತ್ರ ಬದಲಾಗಿಲ್ಲ.

ಹರಿಗೋಲಿನ ಅಂಬಿಗ ವಯಸ್ಸಾದವನು. “ಎದ್ದು ನಿಲ್ಲಬ್ಯಾಡ್ರಿ ತಮ್ಮಾ. ಹರಿಗೋಲಿನಾಗ ಎದ್ದವರು ನೀರಿಗೆ ಬಿದ್ದಂಗ” ಎಂದು ಎಚ್ಚರಿಸಿ ಹುಟ್ಟು ಹಾಕಿದನು. ಎರಡೂ ಕಡೆಯ ಬಂಡೆಗಳು ಮೆಲ್ಲನೆ ತಿರುಗತೊಡಗಿದವು. ನೀರು ತಗ್ಗಿದ್ದುದರಿಂದ ಹೊಳೆಯ ನಡುವಿನ ಬಂಡೆಗಳಲ್ಲಿ ಒರಳಿನಂಥ ಗುಂಡಿಗಳು ಕಾಣುತ್ತಿದ್ದವು. ಪ್ರವಾಹದ ಸುಳಿಯಲ್ಲಿ ಸಿಕ್ಕಿದ ಸಣ್ಣ ಕಲ್ಲು ಒಂದೇ ಸ್ಥಳದಲ್ಲಿ ಸುತ್ತಿ ಸುತ್ತಿ ಹೆಬ್ಬಂಡೆಯನ್ನೇ ಕೊರೆದಿತ್ತು. ದಡದ ಹಾಸುಗಲ್ಲಿನ ಮೇಲೆ ಸಾಲುಸಾಲಾಗಿ ಕಡೆದ ಕೋಟಿಲಿಂಗಗಳಿದ್ದವು. ದೂರದ ಕಲ್ಲಿನ ಮೇಲೆ ಕಂದುಬಣ್ಣದ ಪ್ರಾಣಿಯೊಂದು ತಲೆಯೆತ್ತಿ ನೋಡಿ ಬುಳಕ್ಕನೆ ಮುಳುಗಿತು. “ನೀರುನಾಯಿ!” ಎಂದ ಅಂಬಿಗ. ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗಿನ ನದಿಯ 34 ಕಿಲೋಮೀಟರುಗಳನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಡಲಾಗಿದೆ.

“ಅಜ್ಜಾ, ಈ ನೀರು ನಮ್ಮೂರಿಗೂ ಬರುತ್ತದೆಯೇ?” ಎಂದು ಹುಡುಗಿಯೊಬ್ಬಳು ಕೇಳಿದಳು.

“ಸಿರುಗುಪ್ಪಕ್ಕೇನವ್ವಾ? ಮತ್ತೆಲ್ಲಿಗೆ ಹೋಗತೈತಿ? ಆ ವರ್ಷ ಗೇಟು ಕೊಚ್ಚಿಕೊಂಡು ಹೋದಾಗ ನೀವೂ ಹೆದರಿರಬೇಕು, ನಾವೂ ಹೆದರಿದ್ವಿ.”

ಮಕ್ಕಳಿಗೆ ಅದು ನೆನಪಿತ್ತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ ತಿಂಗಳ ಒಂದು ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋಯಿತು. ಹರಿಯುವ ನೀರಿನ ನಡುವೆಯೇ ಶ್ರಮಿಸಿದ ತಂತ್ರಜ್ಞರೂ ಕಾರ್ಮಿಕರೂ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿದರು. ಅಶೋಕನ ಹೆಸರನ್ನು ಕಿವಿಗೊಟ್ಟು ಕೇಳಿದ್ದ ಹುಡುಗನ ತಂದೆ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ, ನಿದ್ರಿಸಲಿಲ್ಲ. ಹೊಳೆಯ ನೀರನ್ನು ನೋಡುತ್ತ ಹುಡುಗ ಸುಮ್ಮನೆ ಕುಳಿತನು.

ಊಟವಾದ ಮೇಲೆ ಮಾತಂಗ ಬೆಟ್ಟದ ದಾರಿಯಲ್ಲಿ ಒಂದು ಪ್ರಸಂಗ ನಡೆಯಿತು. ಎಲ್ಲರೂ ಮುಂದೆ ನಡೆದಿದ್ದರು. ಆ ಹುಡುಗನೊಬ್ಬನೇ ಬಂಡೆಯೊಂದರ ಮರೆಯಲ್ಲಿ ಹಿಂದೆ ಉಳಿದು, ಜೇಬಿನಿಂದ ಮೊಳೆಯನ್ನು ತೆಗೆದು ತನ್ನ ಹೆಸರನ್ನು ಕೆತ್ತತೊಡಗಿದ್ದನು. ಎರಡು ಅಕ್ಷರಗಳಾಗಿದ್ದವು. ತಲೆಯೆತ್ತಿದಾಗ ಎದುರಿಗೆ ಮಾರ್ಗದರ್ಶಿಗಳು ನಿಂತಿದ್ದರು.

ಹುಡುಗ ಬೆವತುಹೋದನು. ಆದರೂ ಧೈರ್ಯ ತಂದುಕೊಂಡು, “ಅಶೋಕನೂ ಬಂಡೆಯ ಮೇಲೆ ಹೆಸರು ಬರೆಸಲಿಲ್ಲವೇ, ಸಾರ್?” ಎಂದನು.

ಮಾರ್ಗದರ್ಶಿಗಳಿಗೆ ಸಿಟ್ಟಿನ ಬದಲು ನಗು ಬಂದಿತು. “ಬರೆಸಿದನು. ಅವನಿಗೆ ಜನರೊಡನೆ ಹೇಳಬೇಕಾದ ಮಾತೊಂದಿತ್ತು. ಧರ್ಮದಿಂದ ನಡೆಯಿರಿ ಎಂದು ಹೇಳುವುದಿತ್ತು. ಆ ಮಾತಿನ ಜೊತೆಗೆ ಅವನ ಹೆಸರೂ ಉಳಿಯಿತು. ನಿನಗೆ ಹೇಳಬೇಕಾದ ಮಾತು ಯಾವುದು, ತಮ್ಮಾ?”

ಹುಡುಗನಲ್ಲಿ ಉತ್ತರವಿರಲಿಲ್ಲ.

ಅವರು ಪಕ್ಕದ ಬಂಡೆಯನ್ನು ತೋರಿಸಿದರು. ಅದರ ಅಂಚಿನುದ್ದಕ್ಕೂ ಒಂದೇ ಅಳತೆಯ ಕುಳಿಗಳ ಸಾಲಿತ್ತು. “ಕಲ್ಲುಕುಟಿಗರು ಬಂಡೆಯನ್ನು ಸೀಳಲು ತೋಡಿದ ಕುಳಿಗಳಿವು. ಒಣಮರದ ಬೆಣೆಗಳನ್ನು ಬಡಿದು ನೀರೆರೆಯುತ್ತಿದ್ದರೆಂದು ಹೇಳುತ್ತಾರೆ. ಮರ ಹಿಗ್ಗಿದಾಗ ಕಲ್ಲು ಗೆರೆ ಎಳೆದಂತೆ ಸೀಳುತ್ತಿತ್ತು. ಅವರು ಸೀಳಿದ ಕಲ್ಲಿನಿಂದಲೇ ಇಲ್ಲಿಯ ಗುಡಿಗಳೆದ್ದವು. 1986ರಲ್ಲಿ ಯುನೆಸ್ಕೊ ಹಂಪೆಯನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಈ ಕುಳಿಗಳನ್ನು ತೋಡಿದವನ ಹೆಸರು ಯಾರಿಗೂ ತಿಳಿಯದು. ಕೆಲಸ ಮಾತ್ರ ಉಳಿದಿದೆ. 2019ರಲ್ಲಿ ಕೆಲವು ಯುವಕರು ಇಲ್ಲಿಯ ಒಂದು ಕಂಬವನ್ನು ಆಟಕ್ಕೆಂಬಂತೆ ತಳ್ಳಿ ಕೆಡವಿದ ದೃಶ್ಯವನ್ನು ದೇಶವೆಲ್ಲ ನೋಡಿತು. ನ್ಯಾಯಾಲಯ ಅವರಿಗೆ ದಂಡ ವಿಧಿಸಿತು. ಕಂಬವನ್ನು ಅವರ ಕೈಯಿಂದಲೇ ಮತ್ತೆ ಎತ್ತಿ ನಿಲ್ಲಿಸಲಾಯಿತು. ಕಂಬವನ್ನಾದರೂ ಎತ್ತಿ ನಿಲ್ಲಿಸಬಹುದು. ನೀನು ಗೀರಿದ ಈ ಎರಡು ಅಕ್ಷರಗಳನ್ನು ಅಳಿಸಿ ಬಂಡೆಯನ್ನು ಮೊದಲಿನಂತೆ ಮಾಡಲು ನನಗೂ ಬಾರದು, ನಿನಗೂ ಬಾರದು.”

ಅವರು ಈ ಸಂಗತಿಯನ್ನು ಬೇರೆ ಯಾರಿಗೂ ತಿಳಿಸಲಿಲ್ಲ. ಹುಡುಗನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಭಾರವೆನಿಸಿತು.

ಬೆಟ್ಟದ ತುದಿಯಿಂದ ಇಡೀ ನಾಡು ಕಾಣುತ್ತಿತ್ತು. ವಿರೂಪಾಕ್ಷನ ಗೋಪುರ, ಅಚ್ಯುತರಾಯನ ಗುಡಿ, ಬೂದು ಬಣ್ಣದ ಬಂಡೆಗಳ ಕಡಲು. ಅದರ ನಡುವೆ ಬೆಳ್ಳಿಯಂತೆ ಹರಿಯುವ ಹೊಳೆ. ಬಂಡೆಗಳ ತಪ್ಪಲಿನಲ್ಲಿ ಹಚ್ಚಹಸಿರಾದ ಬಾಳೆಯ ತೋಟಗಳಿದ್ದವು. “ಇಷ್ಟು ಕಲ್ಲಿನ ನಡುವೆ ಹಸಿರು ಎಲ್ಲಿಂದ ಬಂದಿತು?” ಎಂದು ಮೇಷ್ಟರು ಕೇಳಿ, ತಾವೇ ಉತ್ತರಿಸಿದರು. ಅದು ತುರ್ತು ಕಾಲುವೆಯ ಹಸಿರು. ವಿಜಯನಗರದ ಕಾಲದಲ್ಲಿ ಹೊಳೆಗೆ ಒಡ್ಡು ಹಾಕಿ, ಬಂಡೆಗಳನ್ನು ಬಳಸಿಕೊಂಡು ತೆಗೆದ ಕಾಲುವೆ ಅದು. ರಾಜಧಾನಿ ಹಾಳಾಯಿತು, ಕಾಲುವೆ ನಿಲ್ಲಲಿಲ್ಲ. ಬಸವಣ್ಣ ಕಾಲುವೆ, ರಾಯ ಕಾಲುವೆ, ಕಂಪ್ಲಿ ಕಾಲುವೆ ಎಂದು ಅಂಥ ಹಲವು ಕಾಲುವೆಗಳು ತುಂಗಭದ್ರೆಯ ದಂಡೆಯುದ್ದಕ್ಕೂ ಇವೆ. ಆ ಸಾಲಿನಲ್ಲಿ ಸಿರುಗುಪ್ಪದ ಕಾಲುವೆಯೂ ದೇಶನೂರಿನ ಕಾಲುವೆಯೂ ಸೇರಿವೆ.

“ನಮ್ಮ ಕಾಲುವೆಯೇ, ಸಾರ್?” ಎಂದು ಹಲವರು ಒಟ್ಟಿಗೆ ಕೇಳಿದರು.

“ನಿಮ್ಮ ಕಾಲುವೆಯೇ. ನೀವು ಎಮ್ಮೆ ಮೈತೊಳೆಯುವ ಕಾಲುವೆ. ಹಂಪೆಯನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಹಂಪೆಯ ಅಕ್ಕತಂಗಿಯೊಬ್ಬಳು ನಿಮ್ಮ ಗದ್ದೆಯ ಪಕ್ಕದಲ್ಲಿಯೇ ಹರಿಯುತ್ತಿದ್ದಾಳೆ.”

ಹೊತ್ತು ಇಳಿಯಿತು. ಮರಳುವ ದಾರಿಯಲ್ಲಿ ಬಹುಮಂದಿ ನಿದ್ರೆಹೋದರು. ಆ ಹುಡುಗ ಮಾತ್ರ ಕಿಟಕಿಗೆ ಮುಖವಿಟ್ಟು ಎಚ್ಚರವಾಗಿದ್ದನು. ಬೆಳದಿಂಗಳಿನಲ್ಲಿ ತೆಕ್ಕಲಕೋಟೆಯ ಗುಡ್ಡ ಬಂದಿತು, ಹೋಯಿತು. ಆಮೇಲೆ ಗದ್ದೆಗಳು, ಕಾಲುವೆಯ ಏರಿ, ಏರಿಯ ಕೆಳಗೆ ಸದ್ದಿಲ್ಲದೆ ಹರಿಯುವ ನೀರು.

ಮನೆಯಲ್ಲಿ ತಂದೆ ಕಾದು ಕುಳಿತಿದ್ದನು. “ಏನೇನು ನೋಡಿ ಬಂದೆಯಪ್ಪಾ?” ಎಂದು ಕೇಳಿದನು.

ಹುಡುಗ ಕೈಕಾಲು ತೊಳೆದು ಬಂದು ತಂದೆಯ ಪಕ್ಕದಲ್ಲಿ ಕುಳಿತನು. ಜೇಬಿನಲ್ಲಿದ್ದ ಮೊಳೆಯನ್ನು ತೆಗೆದು ಗೂಡಿನಲ್ಲಿಟ್ಟನು.

“ನಮ್ಮ ಹೊಳೆಯನ್ನು ನೋಡಿದೆ, ಅಪ್ಪಾ” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ನಿಟ್ಟೂರಿಗೆ ಹೋಗೋಣವೇ? ಅಲ್ಲಿ ಒಂದು ಬಂಡೆಯಿದೆಯಂತೆ. ನಾನು ಅದನ್ನು ನೋಡಿಯೇ ಇಲ್ಲ” ಎಂದನು.