ಹತ್ತು ಗೆರೆಗಳ ಏರು



2023ರ ಸೆಪ್ಟೆಂಬರಿನಲ್ಲಿ ನಾನು ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿ ಬಂದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದದ್ದೇ. ಆ ಪ್ರವಾಸದ ಬಗ್ಗೆ ಬರೆಯಿರೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಮುಂದೂಡುತ್ತ ಬಂದೆ. ಅದಕ್ಕೆ ಒಂದು ಕಾರಣ ಸೋಮಾರಿತನ. ಇನ್ನೊಂದು ಕಾರಣ ಈ ಬರಹದ ಕೊನೆಗೆ ಬರುವ ಹೊತ್ತಿಗೆ ನಿಮಗೇ ತಿಳಿದೀತು.

ಮಗಳ ಸಂಸಾರ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಹೈಲ್‌ಬ್ರಾನ್ ನಗರದಲ್ಲಿ. ಊರಿನ ನಡುವೆ ನೆಕ್ಕಾರ್ ನದಿ, ಸುತ್ತಲೂ ದ್ರಾಕ್ಷಿ ತೋಟಗಳ ಗುಡ್ಡಗಳು. ನದಿಯ ಗುಂಟ ಸೈಕಲ್ ಸವಾರರಿಗೆಂದೇ ಒಂದು ದಾರಿಯಿದೆ. ನೆಕ್ಕಾರ್ ಹುಟ್ಟುವ ಸೀಮೆಯಿಂದ ಅದು ರೈನ್ ನದಿಯನ್ನು ಸೇರುವ ಮಾನ್‌ಹೈಮ್‌ವರೆಗೆ ಸುಮಾರು 370 ಕಿಲೋಮೀಟರ್ ಉದ್ದದ ದಾರಿ. ದ್ರಾಕ್ಷಿ ಬೆಳೆಯುವ ಊರುಗಳನ್ನು ಪೋಣಿಸಿಕೊಂಡು ಹೋಗುವ ಬೇರೊಂದು ಸೈಕಲ್ ದಾರಿಯೂ ಇದೆ. ಕವಲು ಬಂದಲ್ಲೆಲ್ಲ ಬಿಳಿಯ ಹಲಗೆಯ ಮೇಲೆ ಹಸಿರು ಅಕ್ಷರಗಳಲ್ಲಿ ಮುಂದಿನ ಊರಿನ ಹೆಸರು, ದೂರ. ಭಾಷೆ ಬಾರದ ನನ್ನಂಥವನೂ ದಾರಿ ತಪ್ಪುವಂತಿಲ್ಲ.

ಸೈಕಲ್ಲಿಗೂ ಈ ಸೀಮೆಗೂ ಹಳೆಯ ನಂಟು. ಕಾರ್ಲ್ ಡ್ರೈಸ್ ಎಂಬಾತ 1817ರ ಜೂನ್ 12ರಂದು ತನ್ನ ಎರಡು ಚಕ್ರದ ಮರದ ಗಾಡಿಯನ್ನು ಮೊದಲ ಬಾರಿಗೆ ಓಡಿಸಿದ್ದು ಇದೇ ಮಾನ್‌ಹೈಮ್‌ನಿಂದ. ಪೆಡಲ್ ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಿತ್ತು. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೆಳೆ ಕೆಟ್ಟು, ಕುದುರೆಗಳಿಗೆ ಮೇವು ಸಿಗದಂತಾದುದೇ ಈ ಗಾಡಿಗೆ ಪ್ರೇರಣೆಯೆಂದು ಊಹಿಸುವವರೂ ಇದ್ದಾರೆ. ಭೂಗೋಳದ ಮೇಷ್ಟ್ರಿಗೆ ಇಂಥ ಊಹೆ ಬಹಳ ರುಚಿಸುತ್ತದೆ.

ಅಳಿಯ ನನಗಾಗಿ ವಿದ್ಯುತ್ ಸೈಕಲ್ ಬಾಡಿಗೆಗೆ ತರುತ್ತೇನೆಂದ. ಪೆಡಲ್ ತುಳಿದರೆ ಮೋಟಾರು ಕೂಡ ಕೈಗೂಡಿಸುತ್ತದೆ. ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ಅದರ ಸಹಾಯ ನಿಲ್ಲಬೇಕೆಂಬುದು ಅಲ್ಲಿನ ಕಾನೂನು. ನನಗೆ ಬಿಗುಮಾನ. ಮೂವತ್ತು ವರ್ಷ ಸೈಕಲ್ ತುಳಿದೇ ಶಾಲೆಗೆ ಹೋದವನು ನಾನು, ನನಗೇಕೆ ಮೋಟಾರು ಎಂದೆ. ನಾನು ತುಳಿದದ್ದು ಬಾಡಿಗೆ ಮನೆಯಿಂದ ಶಾಲೆಗೆ ಒಂದೂವರೆ ಕಿಲೋಮೀಟರ್, ಅದೂ ಸಮತಟ್ಟು ದಾರಿ ಎಂಬುದು ಆಗ ನೆನಪಾಗಲಿಲ್ಲ. ಕೊನೆಗೆ 21 ಗಿಯರುಗಳ ಸಾಧಾರಣ ಸೈಕಲ್ ಬಂತು.

ಒಂದು ಬೆಳಿಗ್ಗೆ ಅಳಿಯ, ಹನ್ನೊಂದು ವರ್ಷದ ಮೊಮ್ಮಗಳು ಮತ್ತು ನಾನು ನದಿಯ ದಾರಿ ಹಿಡಿದೆವು. ಲೌಫೆನ್ ಎಂಬ ಊರಿನವರೆಗೆ ದಾರಿ ನಿರಾಯಾಸ. ಈ ಪುಟ್ಟ ಊರಿನಿಂದಲೇ 1891ರಲ್ಲಿ ಮೂರು ಹಂತದ ವಿದ್ಯುತ್ತನ್ನು 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್‌ಗೆ ತಂತಿಯ ಮೇಲೆ ಕಳುಹಿಸಿ ಲೋಕಕ್ಕೆ ತೋರಿಸಿದ್ದರು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದ್ದು 1902ರಲ್ಲಿ, ಅಂದರೆ ಹನ್ನೊಂದೇ ವರ್ಷಗಳ ಬಳಿಕ. ಮೊಮ್ಮಗಳಿಗೆ ಇದನ್ನು ವಿವರಿಸತೊಡಗಿದಾಗ ಅವಳು ಗಂಟೆ ಬಾರಿಸಿ ಮುಂದೆ ಹೋಗಿಬಿಟ್ಟಳು. ಮೇಷ್ಟ್ರ ಪಾಠದಿಂದ ತಪ್ಪಿಸಿಕೊಳ್ಳುವ ಉಪಾಯ ಎಲ್ಲ ದೇಶದ ಮಕ್ಕಳಿಗೂ ಗೊತ್ತು!

ಲೌಫೆನ್‌ನಲ್ಲಿ ನೆಕ್ಕಾರನ್ನು ಬಂದು ಸೇರುವ ತ್ಸಾಬರ್ ಎಂಬ ಚಿಕ್ಕ ಹೊಳೆಯ ಕಣಿವೆಯನ್ನು ಹಿಡಿದು ಪಶ್ಚಿಮಕ್ಕೆ ತಿರುಗಿದೆವು. ಬಲಕ್ಕೆ ಹಾಯ್ಶೆಲ್‌ಬರ್ಗ್ ಸಾಲು, ಎಡಕ್ಕೆ ಸ್ಟ್ರೋಂಬರ್ಗ್ ಸಾಲು, ನಡುವೆ ಹೊಲ, ತೋಟ, ಕೆಂಪು ಹೆಂಚಿನ ಊರುಗಳು. ಕಣಿವೆಯ ಮುಖ್ಯ ಪಟ್ಟಣ ಬ್ರಾಕೆನ್‌ಹೈಮ್. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರಾದ ಥಿಯೋಡೋರ್ ಹಾಯ್ಸ್ ಅವರ ಜನ್ಮಸ್ಥಳವದು. ಅವರ ಹೆಸರಿನ ವಸ್ತುಸಂಗ್ರಹಾಲಯ ಅಲ್ಲಿದೆ. ನನ್ನ ಪಾಲಿಗಾದರೋ ಅದು ಇನ್ನೊಬ್ಬರ ಊರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಇದೇ ಬ್ರಾಕೆನ್‌ಹೈಮ್‌ನಲ್ಲಿ. ಪ್ರತಿವರ್ಷ ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಆ ನೆನಪಿಗಾಗಿಯೇ. ಚೌಕದ ಕಲ್ಲುಬೆಂಚಿನ ಮೇಲೆ ಕುಳಿತು ಬುತ್ತಿಯ ಚಪಾತಿ ತಿನ್ನುತ್ತ, ಈ ದ್ರಾಕ್ಷಿಯ ಬೆಟ್ಟಗಳನ್ನು ಬಿಟ್ಟು 1836ರಲ್ಲಿ ಭಾರತಕ್ಕೆ ಬಂದ ಯುವಕ ಮಂಗಳೂರಿನ ಮಳೆಗಾಲವನ್ನು ಹೇಗೆ ಸಹಿಸಿದನೋ ಎಂದುಕೊಂಡೆ.

ನಮ್ಮ ಗುರಿ ಮಿಖಾಯೆಲ್ಸ್‌ಬರ್ಗ್ ಎಂಬ ಬೆಟ್ಟ. ಸ್ಟ್ರೋಂಬರ್ಗ್ ಸಾಲಿನಿಂದ ತುಸು ಮುಂದೆ ಬಂದು ಕಣಿವೆಗೆ ಕಾವಲು ನಿಂತಂತಿದೆ. ನೆತ್ತಿಯ ಮೇಲೊಂದು ಪುರಾತನ ಚರ್ಚು. ಬ್ರಾಕೆನ್‌ಹೈಮ್ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ 394 ಮೀಟರ್. ನಮ್ಮ ಸರ್ವೇ ನಕ್ಷೆಗಳಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ಸಮೋನ್ನತ ರೇಖೆ. ಆ ಲೆಕ್ಕದಲ್ಲಿ ಇದು ಹತ್ತು ಗೆರೆಗಳ ಏರು. ಹತ್ತೇ ಗೆರೆ! ನಾಲ್ಕೈದು ಕಿಲೋಮೀಟರ್ ದಾರಿಗೆ ಅರ್ಧ ಗಂಟೆ ಸಾಕೆಂದು ನಾನೇ ಘೋಷಿಸಿದೆ.

ಕ್ಲೇಬ್ರಾನ್ ಎಂಬ ಹಳ್ಳಿಯನ್ನು ದಾಟುವವರೆಗೆ ಘೋಷಣೆ ನಿಜವಾಗಿತ್ತು. ಆಮೇಲೆ ದಾರಿ ದ್ರಾಕ್ಷಿ ತೋಟಗಳ ನಡುವೆ ತಲೆಯೆತ್ತಿತು. ರೈತರ ಟ್ರ್ಯಾಕ್ಟರುಗಳಿಗಾಗಿ ಹಾಕಿದ, ಕಾರುಗಳಿಗೆ ಪ್ರವೇಶವಿಲ್ಲದ ಕಿರಿದಾದ ಗಟ್ಟಿ ದಾರಿ. ಗಿಯರುಗಳನ್ನು ಒಂದೊಂದಾಗಿ ಇಳಿಸಿದೆ; ಕೊನೆಯದೂ ಮುಗಿಯಿತು. ತೊಡೆಗಳು ಉರಿದವು, ಎದೆ ಡೋಲು ಬಡಿಯಿತು. ಮೂರನೆಯ ತಿರುವಿನಲ್ಲಿ ಇಳಿದು ತಳ್ಳತೊಡಗಿದೆ. ಮೇಲಿನ ತಿರುವಿನಿಂದ ಮೊಮ್ಮಗಳು, “ಅಜ್ಜಾ, ಲೇಟಾಯ್ತು!” ಎಂದು ಕೂಗಿದಳು.

ಆ ಮಾತು ಕಿವಿಗೆ ಬಿದ್ದಾಗ ಏನೋ ಚುಚ್ಚಿತು. ಏನೆಂದು ಆಗ ಹೊಳೆಯಲಿಲ್ಲ.

ತಳ್ಳಿಕೊಂಡು ನಡೆಯುವವನಿಗೆ ಕಾಣುವಷ್ಟು ತುಳಿಯುವವನಿಗೆ ಕಾಣುವುದಿಲ್ಲ. ನಂದಿಬೆಟ್ಟದ ಸುತ್ತಿನ ನಮ್ಮ ‘ಬೆಂಗಳೂರು ಬ್ಲೂ’ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಗೊಂಚಲುಗಳು ನೆರಳಿನಲ್ಲಿ ತೂಗುತ್ತವೆ. ಇಲ್ಲಿ ನೇರ ಸಾಲುಗಳಲ್ಲಿ ತಂತಿಗೆ ಕಟ್ಟಿ ಎಲೆಗಳನ್ನೆಲ್ಲ ಬಿಸಿಲಿಗೆ ಒಡ್ಡುತ್ತಾರೆ. ಕಾರಣ ಸರಳ. ನಾವಿದ್ದದ್ದು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಚಿನ್ನಕ್ಕೆ ಸಮ, ಅಲ್ಲಿ ದ್ರಾಕ್ಷಿ. ಉತ್ತರದ ಇಳಿಜಾರಿಗೂ ಮರಳುಗಲ್ಲಿನ ನೆತ್ತಿಗಳಿಗೂ ಕಾಡು. ಸುಗ್ಗಿಯ ಕಾಲವಾದ್ದರಿಂದ ಕಡಿದಾದ ಸಾಲುಗಳಲ್ಲಿ ಜನ ಬಗ್ಗಿ ಕಪ್ಪು ಗೊಂಚಲುಗಳನ್ನು ಕತ್ತರಿಸಿ ಬಕೆಟ್ಟುಗಳಿಗೆ ತುಂಬುತ್ತಿದ್ದರು. ಲೆಂಬರ್ಗರ್, ಟ್ರೋಲಿಂಗರ್ ಎಂಬವು ಇಲ್ಲಿಯ ಹೆಸರುವಾಸಿ ಕೆಂಪು ಮದ್ಯದ ದ್ರಾಕ್ಷಿಗಳು.

ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ನೆತ್ತಿಯ ಮೇಲೆ ನಿಂತಾಗ ಇಡೀ ಕಣಿವೆ ಹಾಸಿದ ನಕ್ಷೆಯಂತೆ ಕೆಳಗಿತ್ತು. ಅಲ್ಲಿಂದ ಮುಂದೆ ಓಕ್ ಮತ್ತು ಬೀಚ್ ಮರಗಳ ಕಾಡುದಾರಿ. ಬೆವರಿದ ಬೆನ್ನಿಗೆ ತಣ್ಣನೆಯ ನೆರಳು, ಚಕ್ರದಡಿಯಲ್ಲಿ ಜಲ್ಲಿಯ ಸದ್ದು. ಸಂಜೆ ಇಳಿದು ಬರುವಾಗ ಬಾಗಿಲಿಗೆ ಪೊರಕೆ ತೂಗುಹಾಕಿದ್ದ ಮನೆಯೊಂದರ ಮುಂದೆ ಅಳಿಯ ನಿಲ್ಲಿಸಿದ. ಮನೆಯ ಮದ್ಯವನ್ನು ರೈತರೇ ಮಾರುವ ದಿನಗಳಲ್ಲಿ ಹೀಗೆ ಪೊರಕೆ ಕಟ್ಟುವುದು ಅಲ್ಲಿಯ ವಾಡಿಕೆಯಂತೆ. ನಾನು ಕುಡಿದದ್ದು ದ್ರಾಕ್ಷಿಯ ರಸವನ್ನು ಮಾತ್ರ, ಬಂಧುಗಳು ಗಾಬರಿಯಾಗಬೇಕಿಲ್ಲ.

ಆ ರಾತ್ರಿ ಕಾಲುನೋವಿನಿಂದ ನಿದ್ದೆ ಬಾರದೆ ಹೊರಳುತ್ತಿದ್ದಾಗ, ಚುಚ್ಚಿದ್ದು ಏನೆಂದು ಹೊಳೆಯಿತು.

2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿದ್ದು ನಿಮಗೆ ನೆನಪಿರಬಹುದು. ನಾನಾಗ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿದ್ದೆ. 2009ರಲ್ಲಿ ಎಂಟನೆಯ ತರಗತಿಗೆ ಸೇರಿದ ಹುಡುಗನೊಬ್ಬ ಹೊಳೆಯಾಚೆಯ ತಗ್ಗಿನ ಊರಿನಿಂದ ಬರುತ್ತಿದ್ದ. ಶಾಲೆ ಇದ್ದದ್ದು ದಿಬ್ಬದ ಮೇಲೆ. ಸೈಕಲ್ ಬಂದ ಮೇಲೂ ಅವನು ತಡವಾಗಿಯೇ ಬರುತ್ತಿದ್ದ. ನಾನು ಗೋಡೆಯ ನಕ್ಷೆಯಲ್ಲಿ ಅವನ ಊರಿಗೆ ಅಡ್ಡಪಟ್ಟಿಯಿಟ್ಟು ಇಡೀ ತರಗತಿಗೆ ತೋರಿಸಿದೆ: “ಆರು ಕಿಲೋಮೀಟರ್. ಸೈಕಲ್ ಇದೆ. ಅರ್ಧ ಗಂಟೆ ಸಾಕು. ಉಳಿದದ್ದು ಸೋಮಾರಿತನ.” ಮಕ್ಕಳು ನಕ್ಕರು. ತಡವಾದ ದಿನಗಳಲ್ಲೆಲ್ಲ ಮೊದಲ ಪಿರಿಯಡ್ಡು ಅವನನ್ನು ಬಾಗಿಲಾಚೆ ನಿಲ್ಲಿಸಿದೆ. ಹತ್ತನೆಯ ತರಗತಿಯ ಮಳೆಗಾಲದಲ್ಲಿ ಅವನು ಬರುವುದನ್ನೇ ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯನ್ನು ಬರೆದವನೂ ನಾನೇ. ಮನೆಯ ಬಡತನ ಮುಂತಾದ ಕಾರಣಗಳಿದ್ದವೆಂದು ನಂತರ ಕೇಳಿದೆ. ಇದ್ದಿರಬಹುದು. ಆದರೆ ಆ ಬಾಗಿಲೂ ಒಂದು ಕಾರಣವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಊರಿಗೆ ಮರಳಿದ ಮೇಲೆ ಸರ್ವೇ ನಕ್ಷೆಯನ್ನು ಬಿಡಿಸಿ ಗೆರೆಗಳನ್ನು ಎಣಿಸಿದೆ. ಅವನ ಮನೆಯಿಂದ ಶಾಲೆಗೆ ಒಂಬತ್ತು. ನನಗೆ 21 ಗಿಯರುಗಳಿದ್ದವು, ಒಣಗಿದ ದಾರಿಯಿತ್ತು, ಕಾಯುವ ಅಳಿಯನಿದ್ದ, ಮತ್ತು ಅದು ಒಂದೇ ದಿನದ ಮಾತು. ಅವನಿಗೆ ಗಿಯರಿಲ್ಲದ ಸೈಕಲ್ಲು, ಬೆನ್ನಿಗೆ ಚೀಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಮತ್ತು ಅದು ಪ್ರತಿದಿನದ ಮಾತು. ಸಮೋನ್ನತ ರೇಖೆಗಳನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು, ಗೆರೆಗಳು ಹತ್ತಿರವಿದ್ದರೆ ಇಳಿಜಾರು ಕಡಿದು ಎಂದು ಬಾಯಿಪಾಠ ಮಾಡಿಸಿದವನು, ಆ ಹುಡುಗನ ದಾರಿಯಲ್ಲಿ ಒಂದು ಗೆರೆಯನ್ನೂ ನೋಡಿರಲಿಲ್ಲ.

ಹಳೆಯ ವಿದ್ಯಾರ್ಥಿಯೊಬ್ಬನಿಂದ ನಂಬರು ಪಡೆದು ಅವನಿಗೆ ಫೋನು ಮಾಡಿದೆ. ಈಗ ಅವನು ಗಾರೆ ಕೆಲಸದ ಮೇಸ್ತ್ರಿ. ಎರಡು ಮಕ್ಕಳ ತಂದೆ. ದನಿಯನ್ನು ತಕ್ಷಣ ಗುರುತಿಸಿದ. ನಾನು ಹೇಳಬೇಕಾದದ್ದನ್ನು ತಡವರಿಸುತ್ತ ಹೇಳಿ, ಏರು ಅಷ್ಟು ಕಷ್ಟವಿದೆಯೆಂದು ಆಗ ಏಕೆ ಹೇಳಲಿಲ್ಲವೋ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಕೇಳಲಿಲ್ಲ ಸರ್,” ಎಂದ. ಆಮೇಲೆ, “ಏರು ಪರವಾಗಿರಲಿಲ್ಲ. ಮಳೆಗೆ ಬ್ರೇಕಿನ ರಬ್ಬರು ಸವೆದುಹೋಗಿತ್ತು. ಹಾಕಿಸೋಕೆ ದುಡ್ಡು ಇರಲಿಲ್ಲ. ಇಳಿಯುವಾಗಲೂ ತಳ್ಳಿಕೊಂಡೇ ಹೋಗ್ತಿದ್ದೆ,” ಎಂದ.

ಆರೂ ಕಿಲೋಮೀಟರ್, ಹೋಗುವಾಗಲೂ ಬರುವಾಗಲೂ, ಆ ಸೈಕಲ್ ಅವನಿಗೆ ಹೊರೆಯೇ ಆಗಿತ್ತು. ಹುಡುಗನೊಡನೆ ಒಂದು ಸಂಜೆ ಆ ದಾರಿಯಲ್ಲಿ ನಡೆದು ಹೋಗಿದ್ದರೆ ನನಗದು ತಿಳಿಯುತ್ತಿತ್ತು. ಮಿಖಾಯೆಲ್ಸ್‌ಬರ್ಗ್‌ವರೆಗೆ ಹೋಗಬೇಕಿರಲಿಲ್ಲ.

ಅವನು ಬೇಸರ ತೋರಿಸಲಿಲ್ಲ. ಕಾಲುನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಹಚ್ಚಿರೆಂದು ಹೇಳಿ ಫೋನಿಟ್ಟ. ಅವನ ಅನುಮತಿ ಪಡೆದೇ, ಹೆಸರಿಲ್ಲದೆ, ಇದನ್ನು ಬರೆದಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರು ಹತ್ತಾರು ಮಂದಿ ಇದ್ದೀರಿ. ತಡವಾಗಿ ಬಂದ ಮಗುವನ್ನು ಮೊದಲು ಒಳಗೆ ಕೂರಿಸಿ, ದಾರಿ ಹೇಗಿದೆ ಎಂದು ಆಮೇಲೆ ಕೇಳಿ. ಇಷ್ಟನ್ನೇ ಹೇಳಬೇಕಿತ್ತು.