ಜಾತ್ರೆ ಮುಗಿದ ಅಂಗಳ

ಲಾಸ್ ಏಂಜಲೀಸ್ ನಗರದ ಪೇಟೆ ಭಾಗಕ್ಕೆ ಹೋಗುವ ಮೆಟ್ರೊ ರೈಲಿನಲ್ಲಿ ಪಿಕೊ ನಿಲ್ದಾಣಕ್ಕೆ ಇಳಿದು ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ನಡೆದರೆ ಫಿಗರೋವಾ ಬೀದಿ ಸಿಗುತ್ತದೆ. ಬೀದಿಯ ಆಚೆ ಬದಿಗೆ ಹಸಿರು ಛಾಯೆಯ ಗಾಜಿನ ಗೋಪುರಗಳನ್ನು ಹೊತ್ತ ಭಾರೀ ಕಟ್ಟಡ. ಅದೇ ಲಾಸ್ ಏಂಜಲೀಸ್ ಕನ್ವೆನ್ಷನ್ ಸೆಂಟರ್. 1971ರಲ್ಲಿ ಬಾಗಿಲು ತೆರೆದ ಈ ಪ್ರದರ್ಶನ ಭವನ 1993ರಲ್ಲಿ ದೊಡ್ಡ ಪ್ರಮಾಣದಲ್ಲಿ ವಿಸ್ತಾರಗೊಂಡಿತು. ಪಿಕೊ ರಸ್ತೆಯ ಮೇಲೆಯೇ ಸೇತುವೆಯಂತೆ ಹಾದುಹೋಗುವ ಹಜಾರವೊಂದು ಇಲ್ಲಿದೆ. ಕೆಳಗೆ ಕಾರುಗಳು ಓಡುತ್ತಿರುತ್ತವೆ, ಮೇಲೆ ಮೇಳ ನಡೆಯುತ್ತಿರುತ್ತದೆ.

ಮೋಟಾರು ಕಾರುಗಳ ಮೇಳ, ಜಪಾನಿ ವ್ಯಂಗ್ಯಚಿತ್ರಗಳ ಮೇಳ, ಹೀಗೆ ಇಲ್ಲಿ ಒಂದಲ್ಲ ಒಂದು ಮೇಳ ಇದ್ದದ್ದೇ. ಆದರೆ ಜಗತ್ತಿನ ಮೂಲೆಮೂಲೆಯ ಹುಡುಗರ ಬಾಯಲ್ಲಿ ಈ ಕಟ್ಟಡದ ಹೆಸರು ನಿಂತದ್ದು ಬೇರೊಂದು ಜಾತ್ರೆಯಿಂದ. ಆ ಜಾತ್ರೆ ಈಗಿಲ್ಲ. 2023ರ ಡಿಸೆಂಬರ್ 12ರಂದು ಅದರ ವ್ಯವಸ್ಥಾಪಕರು ‘ಇನ್ನು ನಡೆಯುವುದಿಲ್ಲ’ ಎಂದು ಪ್ರಕಟಿಸಿದರು. ಅದರ ಹೆಸರು ಇ-3, ಅಂದರೆ ಎಲೆಕ್ಟ್ರಾನಿಕ್ ಎಂಟರ್‌ಟೇನ್‌ಮೆಂಟ್ ಎಕ್ಸ್‌ಪೊ. ವಿಡಿಯೊ ಗೇಮ್‌ಗಳ ವ್ಯಾಪಾರ ಮೇಳ.

ಮೂಲೆಯಿಂದ ಎದ್ದವರು

1990ರ ದಶಕದ ಆರಂಭದಲ್ಲಿ ವಿಡಿಯೊ ಗೇಮ್ ತಯಾರಕರಿಗೆ ತಮ್ಮದೇ ಆದ ಸಂತೆ ಇರಲಿಲ್ಲ. ಟಿ.ವಿ., ಟೇಪ್‌ರೆಕಾರ್ಡರು, ಟೆಲಿಫೋನುಗಳನ್ನು ಮಾರುವ ದೊಡ್ಡ ಮೇಳದಲ್ಲಿ ಅವರಿಗೂ ಒಂದಿಷ್ಟು ಜಾಗ ಸಿಗುತ್ತಿತ್ತು, ಅಷ್ಟೇ. ಈ ನಡುವೆ 1993ರಲ್ಲಿ, ಆಟಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಮರುವರ್ಷ ಉದ್ಯಮದವರು ಒಂದಾಗಿ ಸಂಘ ಕಟ್ಟಿಕೊಂಡರು. ಯಾವ ಆಟ ಯಾವ ವಯಸ್ಸಿನವರಿಗೆ ಎಂಬುದನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕುವ ಪದ್ಧತಿ ಬಂದದ್ದು ಆಗಲೇ. ‘ಎಂ’ ಎಂಬ ಅಕ್ಷರವಿದ್ದರೆ ಅದು 17 ವರ್ಷ ತುಂಬಿದವರಿಗೆ ಮಾತ್ರ. ಮಗ ಕೇಳಿದ ಆಟವನ್ನು ಕೊಡಿಸುವ ಮೊದಲು ಪಾಲಕರು ನೋಡಬೇಕಾದ ಮೊದಲ ಅಕ್ಷರ ಇಂದಿಗೂ ಇಂಥದ್ದೇ.

ಇದೇ ಸಂಘ 1995ರ ಮೇ 11ರಿಂದ 13ರವರೆಗೆ ಕನ್ವೆನ್ಷನ್ ಸೆಂಟರ್‌ನಲ್ಲಿ ಮೊದಲ ಇ-3 ನಡೆಸಿತು. ಬಂದವರು ಅಂಗಡಿಗಳ ಖರೀದಿದಾರರು, ಪತ್ರಕರ್ತರು, ತಯಾರಕರು. ಆಟವಾಡುವ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಮಕ್ಕಳಿಗಂತೂ ಇಲ್ಲವೇ ಇಲ್ಲ. ಮಿಠಾಯಿ ಅಂಗಡಿಯ ಬಾಗಿಲಲ್ಲಿ ಮಕ್ಕಳನ್ನು ತಡೆದ ಹಾಗೆ!

ಮೊದಲ ವರ್ಷವೇ ಒಂದು ನಾಟಕ ನಡೆದುಹೋಯಿತು. ಸೆಗಾ ಕಂಪನಿಯ ಮುಖ್ಯಸ್ಥ ಟಾಮ್ ಕಲಿನ್‌ಸ್ಕಿ ವೇದಿಕೆಗೆ ಬಂದು, ಸೆಪ್ಟೆಂಬರ್‌ಗೆ ಬರಬೇಕಿದ್ದ ‘ಸ್ಯಾಟರ್ನ್’ ಯಂತ್ರ ಆಗಲೇ ಅಂಗಡಿಗೆ ಬಂದಿದೆ, ಬೆಲೆ 399 ಡಾಲರ್ ಎಂದರು. ಆಮೇಲೆ ಸರದಿ ಸೋನಿಯದು. ಸ್ಟೀವ್ ರೇಸ್ ಎಂಬ ಅಧಿಕಾರಿ ಮೈಕಿನ ಮುಂದೆ ನಿಂತು ಒಂದೇ ಒಂದು ಸಂಖ್ಯೆ ಹೇಳಿ ಇಳಿದುಹೋದರು: 299. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಅತ್ತ ಸ್ಯಾಟರ್ನ್ ಸರಕು ಆಯ್ದ ಕೆಲವೇ ಅಂಗಡಿಗಳಿಗೆ ಸಿಕ್ಕಿತ್ತು, ಸಿಗದವರು ಮುನಿಸಿಕೊಂಡರು. ಸೋನಿಯ ಪ್ಲೇಸ್ಟೇಷನ್ ಸೆಪ್ಟೆಂಬರ್ 9ರಂದು ಅಮೆರಿಕದ ಅಂಗಡಿಗಳಿಗೆ ಬಂತು. ಮುಂದೆ ಗೆದ್ದವರು ಯಾರೆಂದು ಗೇಮ್ ಆಡುವ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಬೆಳಗಿನ ಜಾವದ ಪ್ರೇಕ್ಷಕರು

ಆರಂಭದ ವರ್ಷಗಳಲ್ಲಿ ಆಟಗಾರರಿಗೆ ಈ ಮೇಳದ ಸುದ್ದಿ ಮುಟ್ಟುತ್ತಿದ್ದುದು ಪತ್ರಿಕೆಗಳ ಮೂಲಕ, ಅದೂ ವಾರಗಳ ನಂತರ. ಅಂತರ್ಜಾಲದಲ್ಲಿ ನೇರಪ್ರಸಾರ ಬಂದ ಮೇಲೆ ಚಿತ್ರವೇ ಬದಲಾಯಿತು. ಘೋಷಣೆ ಕೇಳಿದ ಕ್ಷಣವೇ ಉದ್ಗಾರ! ಸಭಾಂಗಣದ ಗೋಡೆಗಳು ಜಗತ್ತಿನಷ್ಟು ಹಿಗ್ಗಿದವು.

2004ರಲ್ಲಿ ನಿಂಟೆಂಡೊ ಕಂಪನಿ ‘ಜೆಲ್ಡಾ’ ಸರಣಿಯ ಹೊಸ ಆಟದ ತುಣುಕನ್ನು ತೋರಿಸಿತು. ಕುದುರೆಯ ಮೇಲೆ ಬರುವ ನಾಯಕನನ್ನು ಕಂಡು ದೊಡ್ಡವರೇ ಎದ್ದು ನಿಂತು ಕೂಗಿದರು. ತುಣುಕು ಮುಗಿದೊಡನೆ ಆ ಸರಣಿಯ ಜನಕ ಶಿಗೆರು ಮಿಯಾಮೊಟೊ ಕೈಯಲ್ಲಿ ಕತ್ತಿ ಗುರಾಣಿ ಹಿಡಿದು ವೇದಿಕೆಯ ಮೇಲೆ ಪ್ರತ್ಯಕ್ಷರಾದರು. ಯಕ್ಷಗಾನದಲ್ಲಿ ಪರದೆ ಸರಿದು ಮುಖ್ಯ ವೇಷ ಒಡ್ಡೋಲಗಕ್ಕೆ ಬಂದಾಗಿನ ಸಡಗರವನ್ನು ಬಲ್ಲವರಿಗೆ ಆ ಗಳಿಗೆಯನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಪ್ರೇಕ್ಷಕ ಯಾವಾಗಲೂ ಚಪ್ಪಾಳೆ ತಟ್ಟುವವನೇ ಅಲ್ಲ. 2006ರಲ್ಲಿ ಸೋನಿ ತನ್ನ ಮೂರನೆಯ ಯಂತ್ರಕ್ಕೆ 499 ಮತ್ತು 599 ಡಾಲರ್ ಬೆಲೆ ಕಟ್ಟಿದಾಗ ಆ ‘599’ ವರ್ಷಗಟ್ಟಲೆ ಗೇಲಿಯ ಮಾತಾಯಿತು. ಅದೇ ವರ್ಷ ಮೇಳದ ಬಾಗಿಲು ತೆರೆದೊಡನೆ ಜನ ಓಡಿದ್ದು ನಿಂಟೆಂಡೊ ಮಳಿಗೆಯತ್ತ, ಕೈ ಬೀಸಿ ಆಡುವ ‘ವೀ’ ಯಂತ್ರವನ್ನು ಮುಟ್ಟಿ ನೋಡಲು.

ಪ್ರೇಕ್ಷಕನ ಶಕ್ತಿ ಸಂಪೂರ್ಣವಾಗಿ ಕಂಡದ್ದು 2013ರ ಜೂನ್ 10ರಂದು. ಅಂದು ಬೆಳಿಗ್ಗೆ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದ ಬೆಲೆ 499 ಡಾಲರ್ ಎಂದು ಹೇಳಿತ್ತು. ಯಂತ್ರ ದಿನಕ್ಕೊಮ್ಮೆಯಾದರೂ ಅಂತರ್ಜಾಲಕ್ಕೆ ಸಂಪರ್ಕ ಹೊಂದಲೇಬೇಕು, ಒಮ್ಮೆ ಕೊಂಡ ಆಟದ ಡಿಸ್ಕನ್ನು ಇನ್ನೊಬ್ಬರಿಗೆ ಮಾರಲು, ಕೊಡಲು ಕಟ್ಟುಪಾಡುಗಳಿವೆ ಎಂಬುದು ಅದಕ್ಕೂ ಕೆಲವು ದಿನ ಮೊದಲೇ ಹೊರಬಿದ್ದಿತ್ತು. ಓದಿ ಮುಗಿಸಿದ ಪಠ್ಯಪುಸ್ತಕವನ್ನು ತಮ್ಮನಿಗೆ ಕೊಡುವಂತಿಲ್ಲ ಎಂದರೆ ಹೇಗೆ? ಹಾಗೇ ಇದು.

ಸಂಜೆ ಸೋನಿಯ ಸಭೆ. ಜಾಗ ಕನ್ವೆನ್ಷನ್ ಸೆಂಟರ್ ಅಲ್ಲ, ಅಲ್ಲಿಂದ ದಕ್ಷಿಣಕ್ಕಿದ್ದ ಮೆಮೋರಿಯಲ್ ಸ್ಪೋರ್ಟ್ಸ್ ಅರೀನಾ. ಸೋನಿಯ ಜಾಕ್ ಟ್ರೆಟನ್, ತಮ್ಮ ಯಂತ್ರದಲ್ಲಿ ಹಳೆಯ ಡಿಸ್ಕುಗಳಿಗೆ ಯಾವ ಹೊಸ ನಿರ್ಬಂಧವೂ ಇಲ್ಲ ಎಂದಾಗ ಸಭೆ ಎದ್ದು ಕೂಗಿತು. ಮಾತು ಮುಂದುವರಿಸಲು ಅವರು ಕಾಯಬೇಕಾಯಿತು. ಬೆಲೆ 399 ಎಂದಾಗ ಮತ್ತೆ ಅದೇ ಗದ್ದಲ. ಒಂಬತ್ತು ದಿನಗಳ ನಂತರ, ಜೂನ್ 19ರಂದು, ಮೈಕ್ರೊಸಾಫ್ಟ್ ತನ್ನ ಕಟ್ಟುಪಾಡುಗಳನ್ನು ಹಿಂತೆಗೆದುಕೊಂಡಿತು.

ಲಾಸ್ ಏಂಜಲೀಸ್‌ನ ಆ ಸಂಜೆ ಆರು ಗಂಟೆ ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಆರೂವರೆ. ಬೆಳಿಗ್ಗೆಯ ಸಭೆಯೋ, ಇಲ್ಲಿನ ರಾತ್ರಿ ಹತ್ತಕ್ಕೆ. ಎರಡನ್ನೂ ನೋಡಬೇಕೆಂದು ನಿದ್ದೆಗೆಟ್ಟ ಹುಡುಗರು ಇಲ್ಲಿಯೂ ಇದ್ದರು. ಮಗ ಓದಲೆಂದೇ ಬೇಗ ಎದ್ದಿದ್ದಾನೆ ಎಂದು ಕಾಫಿ ಮಾಡಿಕೊಟ್ಟ ತಾಯಂದಿರೂ ಇದ್ದಿರಬಹುದು!

ಕಣ್ಣೀರು ಮತ್ತು ಕಾಯುವಿಕೆ

2015ರ ಜೂನ್‌ನಲ್ಲಿ ಅದೇ ಅರೀನಾದಲ್ಲಿ ಸೋನಿಯ ಸಭೆ ಮತ್ತೆ ಸೇರಿತು. ಬರುವುದೇ ಇಲ್ಲವೆಂದು ಕೈಬಿಟ್ಟಿದ್ದ ಮೂರು ಆಟಗಳು ಒಂದೇ ಸಂಜೆ ಬೆಳಕು ಕಂಡವು. 2009ರಲ್ಲಿ ತೋರಿಸಿ ಕಣ್ಮರೆಯಾಗಿದ್ದ ‘ದಿ ಲಾಸ್ಟ್ ಗಾರ್ಡಿಯನ್’, 1997ರ ‘ಫೈನಲ್ ಫ್ಯಾಂಟಸಿ-7’ರ ಮರುಸೃಷ್ಟಿ, 2001ರಲ್ಲಿ ಅರ್ಧಕ್ಕೆ ನಿಂತ ‘ಶೆನ್‌ಮೂ’ ಕಥೆಯ ಮೂರನೆಯ ಭಾಗ. ಮೀಸೆ ಬಂದ ಗಂಡಸರು ಹಣೆಗೆ ಕೈಯಿಟ್ಟು ಅತ್ತರು. ತಾವು ಅಳುವುದನ್ನು ತಾವೇ ಚಿತ್ರೀಕರಿಸಿ ಜಗತ್ತಿಗೆ ತೋರಿಸಿದವರೂ ಇದ್ದರು.

ಯಂತ್ರದ ಆಟಕ್ಕೆ ಅಳುವುದೇ ಎಂದು ಹಿರಿಯರು ಮೂಗು ಮುರಿಯಬಹುದು. ಆದರೆ ಅತ್ತದ್ದು ಆಟಕ್ಕಲ್ಲ. ಹತ್ತು ಹನ್ನೆರಡರ ವಯಸ್ಸಿನಲ್ಲಿ, ರಜೆಯಲ್ಲಿ, ಅಣ್ಣನ ಪಕ್ಕ ಕುಳಿತು ಆಡಿದ ದಿನಗಳು ಪರದೆಯ ಮೇಲೆ ಒಮ್ಮೆಲೇ ಮರಳಿ ಬಂದಿದ್ದವು. ಹಳೆಯ ಸಿನಿಮಾ ಹಾಡು ಕೇಳಿ ಅಪ್ಪನ ಕಣ್ಣು ತೇವವಾಗುವುದಿಲ್ಲವೇ?

ಕಾಯುವಿಕೆ ಅಲ್ಲಿಗೆ ಮುಗಿಯಲಿಲ್ಲ. ಮೊದಲನೆಯ ಆಟ 2016ರ ಡಿಸೆಂಬರ್‌ನಲ್ಲಿ ಬಂತು. ‘ಶೆನ್‌ಮೂ’ಗೆ ಅಭಿಮಾನಿಗಳೇ ಚಂದಾ ಎತ್ತಿ 63 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು, ಆಟ ಕೈಸೇರಿದ್ದು 2019ರ ನವೆಂಬರ್‌ನಲ್ಲಿ. ‘ಫೈನಲ್ ಫ್ಯಾಂಟಸಿ’ ಮರುಸೃಷ್ಟಿಯ ಮೊದಲ ಭಾಗಕ್ಕೆ 2020ರ ಏಪ್ರಿಲ್ ಬರಬೇಕಾಯಿತು. ಕಣ್ಣೀರಿಟ್ಟ ಕಾಲೇಜು ಹುಡುಗ ಅಷ್ಟರಲ್ಲಿ ನೌಕರಿಗೆ ಸೇರಿರುತ್ತಾನೆ.

ಎಲ್ಲ ಮಾತೂ ಉಳಿಯುವುದಿಲ್ಲ ಎಂಬುದಕ್ಕೆ 2019ರ ನಿದರ್ಶನವಿದೆ. ಕನ್ವೆನ್ಷನ್ ಸೆಂಟರ್‌ಗೆ ಹತ್ತಿರದ ರಂಗಮಂದಿರದಲ್ಲಿ ಚಿತ್ರನಟ ಕಿಯಾನು ರೀವ್ಸ್ ಬಂದು ‘ಸೈಬರ್‌ಪಂಕ್ 2077’ 2020ರ ಏಪ್ರಿಲ್ 16ಕ್ಕೆ ಬರುತ್ತದೆಂದು ಸಾರಿದಾಗ ಸಭೆ ಹುಚ್ಚೆದ್ದು ಕುಣಿಯಿತು. ಆಟ ಬಂದದ್ದು ಡಿಸೆಂಬರ್ 10ಕ್ಕೆ. ಹಳೆಯ ಯಂತ್ರಗಳಲ್ಲಿ ಅದು ಎಷ್ಟು ತೊಡರಿತೆಂದರೆ ಸೋನಿ ತನ್ನ ಅಂತರ್ಜಾಲ ಮಳಿಗೆಯಿಂದಲೇ ಅದನ್ನು ತಿಂಗಳುಗಟ್ಟಲೆ ತೆಗೆದಿರಿಸಿತು, ಕೊಂಡವರಿಗೆ ಹಣ ಮರಳಿಸಿತು. ನಂತರ ಆಟವನ್ನು ತಿದ್ದಿ ನೆಟ್ಟಗೆ ಮಾಡಿದರು, ನಿಜ. ಆದರೆ ಮುಂಗಡ ಹಣ ಕಟ್ಟಿದವನು ಕಲಿತ ಪಾಠ ಸಣ್ಣದಲ್ಲ. ವೇದಿಕೆಯ ಮೇಲೆ ತೋರಿಸುವುದು ಆಟವನ್ನಲ್ಲ, ಆಟದ ಜಾಹೀರಾತನ್ನು. ಹುಡುಗಿ ನೋಡಲು ಬಂದವರಿಗೆ ಕೊಡುವ ಉಪ್ಪಿಟ್ಟು ಕೇಸರಿಬಾತಿನಿಂದ ಮನೆಯ ದಿನದ ಅಡುಗೆಯನ್ನು ಅಳೆಯಲಾಗದು.

ಬಾಗಿಲು ತೆರೆದ ಹೊತ್ತಿಗೆ

2017ರಲ್ಲಿ ಕೊನೆಗೂ ಸಾರ್ವಜನಿಕರಿಗೆ 15,000 ಟಿಕೆಟ್‌ಗಳನ್ನು ಮಾರಿದರು. ಹೊರಗೆ ನಿಂತು ಕಾಯುತ್ತಿದ್ದವನು ಒಳಗೆ ಬಂದ. ಮರುವರ್ಷ ಮೇಳಕ್ಕೆ ಬಂದವರು 69,200. ವಿಪರ್ಯಾಸವೆಂದರೆ ಅಷ್ಟರಲ್ಲಿ ಒಳಗಿದ್ದವರು ಹೊರಡಲು ಸಜ್ಜಾಗಿದ್ದರು. 2013ರಿಂದಲೇ ನಿಂಟೆಂಡೊ ದೊಡ್ಡ ವೇದಿಕೆಯ ಸಭೆ ಬಿಟ್ಟು ಮೊದಲೇ ಚಿತ್ರೀಕರಿಸಿದ ಪ್ರಸಾರಕ್ಕೆ ತಿರುಗಿತ್ತು. 2019ರಲ್ಲಿ ಸೋನಿ ಬರಲೇ ಇಲ್ಲ. ಆಟಗಾರನ ಮನೆಯ ಪರದೆಗೆ ನೇರವಾಗಿ ಹೋಗಬಹುದಾದಾಗ ಕೋಟಿಗಟ್ಟಲೆ ಸುರಿದು ಮಳಿಗೆ ಹಾಕುವುದೇಕೆ? 2020ರಲ್ಲಿ ಕೋವಿಡ್ ಬಂತು. 2021ರ ಮೇಳ ಅಂತರ್ಜಾಲದಲ್ಲಷ್ಟೇ ನಡೆಯಿತು. 2022, 2023ರಲ್ಲಿ ಅದೂ ಇಲ್ಲ.

ಜರ್ಮನಿಯ ಕಲೋನ್ ನಗರದ ‘ಗೇಮ್ಸ್‌ಕಾಮ್’ ಮಾತ್ರ ನಡೆದುಕೊಂಡು ಬಂದಿದೆ. 2009ರಿಂದ ಅಲ್ಲಿ ನಡೆಯುತ್ತಿರುವ ಆ ಮೇಳಕ್ಕೆ 2019ರಲ್ಲಿ 3,73,000 ಜನ ಬಂದಿದ್ದರು. ಅದು ಮೊದಲಿನಿಂದಲೂ ಆಟಗಾರರಿಗೆ ಬಾಗಿಲು ತೆರೆದಿಟ್ಟ ಮೇಳ ಎಂಬುದನ್ನು ಗಮನಿಸಬೇಕು.

ಈ ಕಥೆಯ ಎಳೆಯೊಂದು ನಮ್ಮಲ್ಲಿಗೂ ಬರುತ್ತದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಧ್ರುವ ಇಂಟರ್ಯಾಕ್ಟಿವ್’ ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಗಳನ್ನು ಇಲ್ಲಿನ ಕಲಾವಿದರು ಬಿಡಿಸಿಕೊಟ್ಟರು. 2019ರಲ್ಲಿ ಅದು ‘ರಾಕ್‌ಸ್ಟಾರ್’ ಸಂಸ್ಥೆಗೆ ಸೇರಿತು. ಆಟದ ಹುಚ್ಚಿರುವ ವಿದ್ಯಾರ್ಥಿಗೆ ಇಲ್ಲೊಂದು ದಾರಿ ಇದೆ. ಆದರೆ ಅದು ಆಡುವ ದಾರಿಯಲ್ಲ, ಮಾಡುವ ದಾರಿ. ಚಿತ್ರಕಲೆ, ಗಣಿತ, ಸಂಗೀತ, ಕಥೆ ಎಲ್ಲಕ್ಕೂ ಅಲ್ಲಿ ಕೆಲಸವಿದೆ. ಎರಡು ನಿಮಿಷದ ತುಣುಕಿನ ಹಿಂದೆ ಇರುವುದು ನೂರಾರು ಜನರ ಹಲವು ವರ್ಷಗಳ ದುಡಿಮೆ.

ಅಂದು 2013ರ ಕೂಗಿಗೆ ಕಂಪಿಸಿದ ಸ್ಪೋರ್ಟ್ಸ್ ಅರೀನಾವನ್ನು 2016ರಲ್ಲಿ ಕೆಡವಿದರು. ಅಲ್ಲೀಗ ಫುಟ್‌ಬಾಲ್ ಕ್ರೀಡಾಂಗಣವಿದೆ. ಕನ್ವೆನ್ಷನ್ ಸೆಂಟರ್ ಉಳಿದಿದೆ. 2028ರ ಒಲಿಂಪಿಕ್ಸ್‌ನ ಕತ್ತಿವರಸೆ, ಜೂಡೊ, ಕುಸ್ತಿ ಪಂದ್ಯಗಳನ್ನು ಅಲ್ಲಿ ನಡೆಸುವುದೆಂದು ಗೊತ್ತುಮಾಡಿದ್ದಾರೆ. ಮಿಯಾಮೊಟೊ ಕೈಯಲ್ಲಿದ್ದದ್ದು ಬರೀ ವೇಷದ ಕತ್ತಿ. ಇನ್ನು ಆ ಹಜಾರಗಳಲ್ಲಿ ನಿಜವಾದ ಕತ್ತಿಗಳ ಸಪ್ಪಳ ಕೇಳಲಿದೆ. ಜೂನ್ ಬಂದಾಗ ಫಿಗರೋವಾ ಬೀದಿಯಲ್ಲಿ ಗಾಜಿನ ಗೋಪುರಗಳನ್ನು ಕತ್ತೆತ್ತಿ ನೋಡುತ್ತಾ ಯಾರಾದರೂ ಸುಮ್ಮನೆ ನಿಂತಿದ್ದರೆ, ತೇರು ಎಳೆದು ಮುಗಿದ ಮೇಲೂ ಅಂಗಳ ಬಿಟ್ಟು ಹೋಗದ ಹುಡುಗ ಅವನು ಎಂದು ತಿಳಿಯಬೇಕು.